ಇಕ್ಕೇರಿ ವರಹ, ಲಬೂಬು ಗೊಂಬೆ

ಮೊನ್ನೆ ಬೆಳಿಗ್ಗೆ ಆಚೆಮನೆ ಅತ್ತಿಗೆ ದಾಸವಾಳದ ಬೇಲಿ ಸರಿಸಿ ಕತ್ತು ಹಾಕಿ ಕೇಳಿದರು. "ನಿನ್ನ ಮಗಳು ಚೀಲಕ್ಕೆ ಎಂತದೇ ಅದು ಕಟ್ಟಿಕೊಂಡಿದ್ದು? ದೃಷ್ಟಿಗೊಂಬೆನಾ?"

ಬೆಂಗಳೂರಲ್ಲಿ ಓದುವ ಮಗಳು ಅಡಿಕೆ ಸುಗ್ಗಿಗೆಂದು ನಾಲ್ಕು ದಿನ ಬಂದಿದ್ದಳು. ಸುಗ್ಗಿಗೆ ಅವಳಿಂದಾದ ಉಪಕಾರ ಅಷ್ಟರಲ್ಲೇ ಇದೆ, ಆ ಮಾತು ಬೇಡ. ಅವಳ ಚೀಲಕ್ಕೆ ನೇತಾಡುತ್ತಿದ್ದದ್ದು ಲಬೂಬು. ಮೊಲದ ಕಿವಿ, ಮೈತುಂಬ ರೋಮ, ಕಿವಿಯಿಂದ ಕಿವಿಗೆ ಕಿಸಿದ ಬಾಯಿ. ಹಾಂಗ್‌ಕಾಂಗ್‌ನಲ್ಲಿ ಹುಟ್ಟಿದ ಕಾಸಿಂಗ್ ಲಂಗ್ ಎಂಬ ಚಿತ್ರಕಾರ 2015ರಲ್ಲಿ ಮಕ್ಕಳ ಪುಸ್ತಕಕ್ಕೆ ಬರೆದ ಪುಟ್ಟ ರಾಕ್ಷಸ ಅದು. ಆಮೇಲೆ ಚೀನಾದ ಪಾಪ್ ಮಾರ್ಟ್ ಕಂಪನಿ ಗೊಂಬೆ ಮಾಡಿ ಜಗತ್ತಿಗೆಲ್ಲ ಹುಚ್ಚು ಹಿಡಿಸಿತು. ಮುಚ್ಚಿದ ಡಬ್ಬಿಯಲ್ಲಿ ಮಾರುತ್ತಾರೆ. ಒಳಗೆ ಯಾವ ಬಣ್ಣದ್ದಿದೆ ಅಂತ ದುಡ್ಡು ಕೊಟ್ಟು ಒಡೆದ ಮೇಲೇ ಗೊತ್ತಾಗುವುದು. ಮಜಾ ಇರುವುದೇ ಅದರಲ್ಲಂತೆ.

"ಇದರಲ್ಲಿ ಹೊಸದೆಂತ? ಚೇಣಿ ಅಲ್ವನೇ ಇದು?" ಅಂದರು ಅತ್ತಿಗೆ.

ನನಗೆ ಹೊಳೆದೇ ಇರಲಿಲ್ಲ. ಅಡಿಕೆ ಕೊನೆ ಮರದ ಮೇಲಿರುವಾಗಲೇ ಬುಡದಲ್ಲಿ ನಿಂತು, ಕತ್ತೆತ್ತಿ ಎಣಿಸಿ, ಇಡೀ ತೋಟದ ಫಸಲಿಗೆ ಮಾತಾಡಿಕೊಳ್ಳುವುದು ಚೇಣಿ. ಕೊಯ್ದು, ಸುಲಿದು, ಬೇಯಿಸಿ, ಒಣಗಿಸಿದ ಮೇಲೆ ಯಾರು ಗೆದ್ದರು ಅಂತ ತಿಳಿಯುತ್ತದೆ. ಅತ್ತಿಗೆಯ ಮಾವನವರು ಒಂದು ವರ್ಷ ಕೊಳೆರೋಗದ ಲೆಕ್ಕ ಹಿಡಿಯದೆ ಚೇಣಿಗಿಳಿದು ಎರಡೆಮ್ಮೆ ಮಾರಿದ್ದರು. "ಆ ಡಬ್ಬಿ ಒಡೆದಾಗಲೂ ಹಲ್ಲು ಕಿಸಿಯೋ ಗೊಂಬೆಯೇ ಸಿಕ್ಕಿದ್ದು" ಅಂದರು.

ಅಷ್ಟರಲ್ಲಿ ಜಗಲಿಯಿಂದ ಮಗಳು ಗುಟ್ಟು ಒಡೆದಳು. ಅವಳದ್ದು ಅಸಲಿ ಲಬೂಬು ಅಲ್ಲವಂತೆ, ಲಫುಫುವಂತೆ. ನಕಲಿಗೂ ಹೀಗೊಂದು ಹೆಸರು ಬಿದ್ದು, ಅದಕ್ಕೂ ಗಿರಾಕಿ ಹುಟ್ಟಿದ್ದಾರೆ. ನೂರೈವತ್ತಕ್ಕೆ ಸಾಗರದ ಪೇಟೆಯಲ್ಲಿ ಸಿಕ್ಕಿದ್ದಂತೆ. ಅಸಲಿಗೆ ಸರಿಯಾಗಿ ಒಂಬತ್ತು ಹಲ್ಲು. ಹಾಗಾಗಿ ಕಾಲೇಜಿನ ಹುಡುಗಿಯರು ಮೊದಲು ಗೊಂಬೆಯ ಬಾಯಿಗೆ ಕೈ ಹಾಕುತ್ತಾರಂತೆ, ಜಾತ್ರೆಯಲ್ಲಿ ಎತ್ತು ಕೊಳ್ಳುವವರ ಹಾಗೆ. ಬೇಲಿಯ ಮೇಲಿಟ್ಟು ನಾವೂ ಎಣಿಸಿದೆವು. ಹತ್ತು. "ಬಾಯಿಗೂಡಿದೆ, ಬಿಡು" ಅಂತ ಅತ್ತಿಗೆ ತೀರ್ಪು ಕೊಟ್ಟರು.

ಬ್ರ್ಯಾಂಡು ಅನ್ನುವುದು ಇಕ್ಕೇರಿಯವರಾದ ನಮಗೆ ಹೊಸ ಸಂಗತಿಯೇನಲ್ಲ. ಕೆಳದಿ ಅರಸರು ಇಲ್ಲಿ ಟಂಕಿಸಿದ ಚಿನ್ನದ ನಾಣ್ಯಕ್ಕೆ ಇಕ್ಕೇರಿ ವರಹ ಅಂತ ಹೆಸರು. 17ನೇ ಶತಮಾನದಲ್ಲಿ ರಾಜಧಾನಿ ಬಿದನೂರಿಗೆ, ಅಂದರೆ ಈಗಿನ ಹೊಸನಗರ ತಾಲೂಕಿನ ನಗರಕ್ಕೆ ಹೋಯಿತು. ಟಂಕಸಾಲೆಯೂ ಹೋಯಿತು. ನಾಣ್ಯದ ಹೆಸರು ಮಾತ್ರ ಇಕ್ಕೇರಿ ವರಹವಾಗಿಯೇ ಉಳಿಯಿತು. ಮಾಲು ಅಲ್ಲಿಯದು, ಹೆಸರು ಇಲ್ಲಿಯದು! 1763ರಲ್ಲಿ ಬಿದನೂರು ಹಿಡಿದ ಹೈದರಾಲಿ ಇನ್ನೂ ಜಾಣ. ತನ್ನ ವರಹದ ಒಂದು ಮುಖದಲ್ಲಿ ಇಕ್ಕೇರಿಯ ಶಿವ ಪಾರ್ವತಿಯರನ್ನು ಹಾಗೇ ಬಿಟ್ಟು, ಇನ್ನೊಂದು ಮುಖಕ್ಕೆ ತನ್ನ ಹೆಸರಿನ ಮೊದಲ ಅಕ್ಷರ ಒತ್ತಿಸಿದ. ರಾಜ್ಯ ಗೆದ್ದವನಿಗೂ ಸಂತೆಯಲ್ಲಿ ನಡೆಯುವ ಮುದ್ರೆ ಯಾವುದು ಅಂತ ತಿಳಿದಿತ್ತು.

ಮಗಳು ಅವತ್ತು ತೊಟ್ಟಿದ್ದ ಕುರ್ತಾದ ಮೇಲೆ ಅತ್ತಿಗೆಯ ಕಣ್ಣು ಆಮೇಲೆ ಬಿತ್ತು. ಕೆಂಗಂದು ಬಣ್ಣ, ಕೈಮಗ್ಗದ್ದು, ಹೆಗ್ಗೋಡಿನ ಚರಕದ್ದು. ರಂಗಕರ್ಮಿ ಪ್ರಸನ್ನ ಮುಂದೆ ನಿಂತು 1996ರಲ್ಲಿ ಭೀಮನಕೋಣೆಯಲ್ಲಿ ಶುರುಮಾಡಿದ ಹೆಂಗಸರ ಸಹಕಾರ ಸಂಘ ಅದು. ಬಣ್ಣ ಯಾವುದರದ್ದು ಅಂತ ಅತ್ತಿಗೆ ಕೇಳಿದರು. ನಾನು ಅಡಿಕೆ ಚೊಗರು ಅಂದೆ.

ಅತ್ತಿಗೆ ಸುಮ್ಮನೆ ತಮ್ಮ ಎರಡೂ ಕೈ ಬೇಲಿಯ ಮೇಲೆ ಚಾಚಿದರು. ಹದಿನೈದು ದಿನದಿಂದ ರಾತ್ರಿ ಹನ್ನೊಂದರ ತನಕ ಮೆಟ್ಟುಗತ್ತಿಯ ಮೇಲೆ ಕೂತು ಅಡಿಕೆ ಸುಲಿದ ಕೈ. ಬೆರಳ ಸಂದು, ಉಗುರ ಬುಡ, ಅಂಗೈ ಗೆರೆ, ಎಲ್ಲ ಅದೇ ಬಣ್ಣ. ಅಡಿಕೆ ಬೇಯಿಸಿದ ಹಂಡೆಯ ಕೆಂಪು ನೀರು ಬಟ್ಟೆಗೆ ಹಾರಿದರೆ ಬಟ್ಟೆ ಹರಿದೀತೇ ಹೊರತು ಕಲೆ ಹೋಗಲ್ಲ. ಅದಕ್ಕೇ ನಮ್ಮಲ್ಲಿ ಸುಗ್ಗಿ ಸೀರೆ ಅಂತ ಒಂದು ಬೇರೆಯೇ ಇರುತ್ತದೆ, ಅದನ್ನುಟ್ಟು ಯಾರೂ ಪೇಟೆಗೆ ಹೋಗಲ್ಲ.

"ನನ್ನ ಮೈಮೇಲಿದ್ರೆ ಕಲೆ, ಅವಳ ಮೈಮೇಲಿದ್ರೂ ಕಲೆಯೇ" ಅಂತ ನಕ್ಕರು.

ನಾನು ಕುರ್ತಾದ ಪರ. ಅದರ ಕತ್ತಿನ ಹಿಂದೆ ಇರುವ ಹೆಸರೂ ಒಳಗಿನ ಮಾಲೂ ಒಂದೇ ಊರಿನವು. ಈಗ ಬೆಂಗಳೂರಿನ ಅಂಗಡಿಗಳಲ್ಲಿ ಜೇನಿಗೆ ಮಲೆನಾಡು, ಕಾಫಿಗೆ ಮಲೆನಾಡು, ಉಪ್ಪಿನಕಾಯಿಗೂ ಮಲೆನಾಡು. ಮಗಳ ರೂಮಿನಲ್ಲಿ ಅಂಥ ಒಂದು ಅಪ್ಪೆಮಿಡಿ ಬಾಟಲಿ ತೆರೆದು ಮೂಸಿದ್ದೆ. ಸೊನೆಯ ಘಮವೇ ಇಲ್ಲ. ಜೀರಿಗೆ ಮಿಡಿಯನ್ನು ಮುರಿದು ಮೂಸಿದವರಿಗೆ ಇನ್ನು ವಿವರಿಸಬೇಕಿಲ್ಲ. ಅತ್ತಿಗೆಯ ಭರಣಿಗೆ ಚೀಟಿಯೂ ಇಲ್ಲ, ಹೆಸರೂ ಇಲ್ಲ. ಮುಚ್ಚಳ ತೆಗೆದರೆ ಈಚೆಮನೆಯ ನನಗೆ ಗೊತ್ತಾಗುತ್ತದೆ.

ಇನ್ನು ಫೋಟೋದ ಹುಚ್ಚು. 2025ರ ಜುಲೈಯಲ್ಲಿ ಸಿಗಂದೂರು ಸೇತುವೆ ಶುರುವಾಯಿತು. ಲಾಂಚಿಗೆ ಕಾದು ಕಾದು ಬೈಯುತ್ತಿದ್ದವರೇ ಸೇತುವೆ ದಾಟುವುದು ಬಿಟ್ಟು ನಡುವೆ ನಿಂತು ರೀಲ್ಸ್ ಮಾಡುತ್ತಿದ್ದಾರೆ. ನಮ್ಮ ಅಘೋರೇಶ್ವರನ ಗುಡಿಗೂ ಮದುವೆಗೆ ಮುಂಚಿನ ಫೋಟೋಕ್ಕೆ ಜೋಡಿಗಳು ಬರುತ್ತವೆ. ನೆಲ ಗುಡಿಸುವಷ್ಟು ಉದ್ದದ ಗೌನು, ಹಿಂದಿನಿಂದ ಅದರ ಚುಂಗು ಹಿಡಿದುಕೊಂಡು ಓಡುವವನೊಬ್ಬ. ಆ ಗುಡಿಯ ನಡುಗಂಬಗಳ ಅಂತರ 18 ಅಡಿ 6 ಅಂಗುಲ, ಒಂದು ಕಾಲಕ್ಕೆ ಅದೇ ಅಡಿಕೆ ತೋಟದ ಅಳತೆಗೋಲಾಗಿತ್ತು ಅಂತ ರೈಸ್ ಸಾಹೇಬರ ಮೈಸೂರು ಗೆಜೆಟಿಯರ್‌ನಲ್ಲಿದೆ. ಅಳೆಯುವ ಕಂಬ ಈಗ ಒರಗುವ ಕಂಬವಾಗಿದೆ. ಆಗಲಿ, ಕಂಬಕ್ಕೇನೂ ನಷ್ಟವಿಲ್ಲ.

ನೀವೂ ಬಂದರೆ ಹೊರಗೆ ಬೇಕಾದಷ್ಟು ಫೋಟೋ ತೆಗೆಸಿಕೊಳ್ಳಿ. ಒಳಗೆ ಹೋಗುವಾಗ ಮಾತ್ರ ಸ್ವಲ್ಪ ನೆಲ ನೋಡಿಕೊಂಡು ಕಾಲಿಡಿ. ವರಹ ಟಂಕಿಸಿದ ಮನೆತನದ ಮೂವರು ಅರಸರು ಅಲ್ಲಿ ಕಲ್ಲಾಗಿ, ಹೆಸರು ಕೆತ್ತಿಸಿಕೊಂಡು, ದೇವರಿಗೆ ಉದ್ದಂಡ ಅಡ್ಡಬಿದ್ದಿದ್ದಾರೆ.