ನಿತ್ಯಕರ್ಮ-ಸೃಜನ-ಮನೋಭೂಮಿಕೆ: ಕೊಕ್ಕರ್ಣೆ ಸೀಮೆಯ ಒಂದು ಗಂಭೀರಾತಿಗಂಭೀರ ಅಧ್ಯಯನ

ದಿನನಿತ್ಯದ ಕೆಲಸದಲ್ಲಿ ಸೃಜನಶೀಲ ಮನೋಭಾವ ಬೆಳೆಸಿಕೊಳ್ಳುವುದು ಹೇಗೆ ಎಂಬ ಪ್ರಶ್ನೆ ಬ್ರಹ್ಮಾವರ ತಾಲೂಕಿನ ಕೊಕ್ಕರ್ಣೆಯವರ ನಿದ್ದೆಯನ್ನು ಎಂದೂ ಕೆಡಿಸಿದ್ದಿಲ್ಲ. ಆದಕಾರಣ ಅದನ್ನು ಕೆಡಿಸುವುದು ವಿದ್ವತ್ತಿನ ಆದ್ಯ ಕರ್ತವ್ಯ. ಈ ಘನಕಾರ್ಯಕ್ಕೆ ಶಾಸ್ತ್ರವು ವಿಧಿಸಿದ ಸಾಧನ ಕಾರ್ಯಾಗಾರ. ಬ್ಯಾನರು, ಪ್ರೊಜೆಕ್ಟರು, ಹತ್ತೂವರೆಗೆ ಚಹಾ ಅದರ ಅಂಗಗಳು. ಸಂಪನ್ಮೂಲ ವ್ಯಕ್ತಿ ಅದರ ಉಪಾಂಗ.

ಪೂರ್ವಸೂರಿಗಳ ಸ್ಮರಣೆ ಮೊದಲು. 1950ರಲ್ಲಿ ಗಿಲ್ಫರ್ಡ್ ಎಂಬ ಮನಶ್ಶಾಸ್ತ್ರಜ್ಞರು ಸೃಜನಶೀಲತೆಯನ್ನು ಅಧ್ಯಯನಕ್ಕೆ ಯೋಗ್ಯ ವಸ್ತುವೆಂದು ಅಮೆರಿಕದಲ್ಲಿ ಸಾರಿದರು. 1953ರಲ್ಲಿ ಜಾಹೀರಾತು ಕಂಪನಿಯ ಅಲೆಕ್ಸ್ ಆಸ್ಬರ್ನ್, ಗುಂಪಾಗಿ ಕೂತು ಬಾಯಿಗೆ ಬಂದ ಉಪಾಯಗಳನ್ನೆಲ್ಲ ಹೇಳಿ, ಯಾರನ್ನೂ ಟೀಕಿಸಬೇಡಿ ಎಂದು ಪುಸ್ತಕ ಬರೆದರು. 1985ರಲ್ಲಿ ಎಡ್ವರ್ಡ್ ಡಿ ಬೊನೊ ಜಗತ್ತಿಗೆಲ್ಲ ಆರು ಬಣ್ಣದ ಟೋಪಿ ಹಾಕಿದರು. ಈ ನಡುವೆ 1958ರಲ್ಲೇ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಪರೀಕ್ಷೆ ಮಾಡಿ ನೋಡಿದ್ದರು. ನಾಲ್ವರು ಒಟ್ಟಿಗೆ ಕೂತು ಹೇಳಿದ್ದಕ್ಕಿಂತ, ಬೇರೆಬೇರೆ ಕೂತ ನಾಲ್ವರ ಉಪಾಯಗಳನ್ನು ಕೂಡಿಸಿದರೆ ಹೆಚ್ಚಾಗುತ್ತಿತ್ತು. ಸುದ್ದಿ ನಮ್ಮ ಪ್ರೊಜೆಕ್ಟರಿಗೆ ಇನ್ನೂ ತಲುಪಿಲ್ಲ.

ಒಂಬತ್ತು ಚುಕ್ಕಿಗಳ ಒಗಟಂತೂ ಕಾರ್ಯಾಗಾರದ ಗಾಯತ್ರಿ ಮಂತ್ರ. ಪೆನ್ನು ಎತ್ತದೆ ನಾಲ್ಕೇ ನೇರ ಗೆರೆಯಲ್ಲಿ ಎಲ್ಲ ಚುಕ್ಕಿಗಳನ್ನೂ ಮುಟ್ಟಬೇಕು. ಸ್ಯಾಮ್ ಲಾಯ್ಡ್ ಸಂಗ್ರಹದಲ್ಲಿ ಇದು 1914ರಲ್ಲೇ ಅಚ್ಚಾಗಿತ್ತು. "ಒಂಬತ್ತೇ ಚುಕ್ಕಿಯಾ ಮಾರಾಯ್ರೆ? ನಮ್ಮನೆ ತುಳಸಿಕಟ್ಟೆ ಎದ್ರು ಇದ್ಕಿಂತ ಹೆಚ್ಚ್ ಇತ್ತಲೆ" ಎಂದು ಹಿಂದಿನ ಸಾಲಿನಿಂದ ಯಾರಾದರೂ ಅಂದರೆ, ಅದನ್ನು ಶಿಬಿರಾರ್ಥಿಯ ಮಾನಸಿಕ ಪ್ರತಿರೋಧವೆಂದು ದಾಖಲಿಸತಕ್ಕದ್ದು.

ಇನ್ನು ವರ್ಗೀಕರಣ. ಸೃಜನಶೀಲತೆ ಹದಿನಾಲ್ಕು ಪ್ರಭೇದಗಳುಳ್ಳದ್ದು.

ಒಂದನೆಯದು, ಹಸ್ತದ್ವಯ-ವಿಮೋಚನಾತ್ಮಕ-ವೃಷ್ಟಿನಿರೋಧ-ಪ್ರಜ್ಞೆ. ಜನ ಇದನ್ನು ಗೊರಬು ಎನ್ನುತ್ತಾರೆ. ಬಿದಿರಿನ ಸೀಳುಗಳ ಹಂದರಕ್ಕೆ ಒಣಗಿದ ಎಲೆ ಹೊದೆಸಿ ಹೆಣೆದದ್ದು. ತಲೆಗೆ ಸಿಕ್ಕಿಸಿಕೊಂಡು ಗದ್ದೆಯಲ್ಲಿ ಬಗ್ಗಿದರೆ ತಲೆಯಿಂದ ಸೊಂಟದವರೆಗೆ ಬೆನ್ನು ಮುಚ್ಚುತ್ತದೆ, ನೀರು ಇಕ್ಕೆಲಕ್ಕೆ ಇಳಿದುಹೋಗುತ್ತದೆ, ಎರಡೂ ಕೈ ಅಗೆ ನೆಡಲು ಬಿಡುವಾಗಿರುತ್ತವೆ. ಕೊಡೆ ಮಾಡಿದವರಿಗೆ ನಿಂತವರ ಚಿಂತೆ. ಗೊರಬು ಮಾಡಿದವರಿಗೆ ಬಗ್ಗಿದವರ ಚಿಂತೆ. ಈಗ ಪ್ಲಾಸ್ಟಿಕ್ ಹಾಳೆ ಬಂದು ಅದು ಮೂಲೆ ಸೇರಿದೆ. ಕಂಡುಹಿಡಿದವರ ಹೆಸರು ಯಾವ ಸ್ಲೈಡಿನಲ್ಲೂ ಇಲ್ಲ.

ಎರಡನೆಯದು, ಏಕನಿಶಾ-ಅಪುನರಾವರ್ತ್ಯ-ವಾಗ್ವ್ಯಾಯಾಮ. ಹತ್ತಿರದ ಮಂದಾರ್ತಿ ದುರ್ಗಾಪರಮೇಶ್ವರಿಯ ಹೆಸರಿನಲ್ಲಿ ಐದು ಯಕ್ಷಗಾನ ಮೇಳಗಳು ತಿರುಗಾಟ ಮಾಡುತ್ತವೆ. ಹರಕೆಯಾಟಕ್ಕೆ ಜನ ವರ್ಷಗಟ್ಟಲೆ ಕಾಯುತ್ತಾರೆ. ಪ್ರಸಂಗದಲ್ಲಿರುವುದು ಪದ್ಯ, ಭಾಗವತರು ಅದನ್ನು ಹಾಡುತ್ತಾರೆ. ಮಾತು ವೇಷಧಾರಿಯದ್ದೇ. ಎದುರು ವೇಷ ಎಸೆದ ಪ್ರಶ್ನೆಗೆ ಆ ಕ್ಷಣದಲ್ಲೇ ಉತ್ತರ ಹುಟ್ಟಬೇಕು. ಬೆಳಗ್ಗೆ ಬಣ್ಣ ಒರೆಸಿಕೊಂಡವನು ರಾತ್ರಿ ಮತ್ತೊಂದು ಮನೆಯ ಅಂಗಳದಲ್ಲಿ ಗೆಜ್ಜೆ ಕಟ್ಟುತ್ತಾನೆ.

ಮೂರನೆಯದು, ಜೀರ್ಣ-ಟ್ಯೂಬ್-ಪುನರ್ಬಂಧನ ಇತ್ಯಾದಿ. ಉಳಿದ ಹನ್ನೊಂದಕ್ಕೆ ಸಂಸ್ಕೃತ ಹುಡುಕಿ ಪ್ರಬಂಧಕಾರರಿಗೇ ಸಾಕಾಗಿದೆ. ಕೈಬಿಡಲಾಗಿದೆ.

ಕೈಬಿಡಲು ಇನ್ನೊಂದು ಕಾರಣವೂ ಇದೆ. ಸಭೆಯ ಮೂಲೆಯಲ್ಲಿ ಅಂಗನವಾಡಿ ಕಾರ್ಯಕರ್ತೆಯೊಬ್ಬರು ಕೂತಿರುತ್ತಾರೆ. 'ಕಲ್ಪನಾಶಕ್ತಿ ಬೆಳೆಸಿಕೊಳ್ಳಿ ಮೇಡಂ' ಎಂದು ಅವರಿಗೂ ಉಪದೇಶವಾಗುತ್ತದೆ. ಹುಣಸೆಬೀಜ, ಮಂಜೊಟ್ಟಿಕಾಯಿಗಳಲ್ಲಿ ಲೆಕ್ಕ ಕಲಿಸುವವರು, ಅಳುವ ಮಗುವನ್ನು ತೂಕದ ಯಂತ್ರಕ್ಕೆ ಏರಿಸುವವರು, 2021ರಿಂದ ಪೋಷಣ್ ಟ್ರ್ಯಾಕರ್ ಎಂಬ ಆ್ಯಪಿಗೂ ಉತ್ತರ ಕೊಡುವವರು! ಆಟಿಕೆ ಕೊಡದೆ ಇದ್ದಾಗ ಬೀಜ ಹೆಕ್ಕಿದ್ದನ್ನು ಸೃಜನಶೀಲತೆ ಎಂದು ಹೊಗಳುವುದು, ಕೊಡಬೇಕಾದವರು ಜಾರಿಕೊಳ್ಳಲು ಕಂಡುಕೊಂಡ ದಾರಿ. ಇದರಲ್ಲಿ ತಮಾಷೆ ಏನೂ ಇಲ್ಲ. ಅಂಗನವಾಡಿ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು. ಇವರಿಗೆ ಸಿಗುವುದಕ್ಕೆ ಸಂಬಳವೆಂಬ ಹೆಸರೂ ಇಲ್ಲ, ಅದು ಗೌರವಧನ. ಅದರಲ್ಲಿ ಕೇಂದ್ರ ನಿಗದಿ ಮಾಡಿದ ಮೊತ್ತ 2018ರಲ್ಲಿ ತಿಂಗಳಿಗೆ 4,500 ರೂಪಾಯಿಗೆ ಏರಿತು. ಗ್ರಾಚ್ಯುಟಿಗೆ ಇವರೂ ಅರ್ಹರು ಎಂದು ಹೇಳಿಸಿಕೊಳ್ಳಲು 2022ರವರೆಗೆ ಕಾದು ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಬೇಕಾಯಿತು.

ಆದ್ದರಿಂದ ಈ ಪ್ರಬಂಧದ ಏಕೈಕ ಶಿಫಾರಸು: ಮುಂದಿನ ಕಾರ್ಯಾಗಾರದ ಬ್ಯಾನರು, ಊಟ, ಸಂಪನ್ಮೂಲ ವ್ಯಕ್ತಿಯ ಸಂಭಾವನೆ ಎಲ್ಲವನ್ನೂ ಸೇರಿಸಿ ಅಂಗನವಾಡಿಗೆ ಆಟಿಕೆ ಕೊಡಿಸಿ. ಆ ದಿನ ಕಾರ್ಯಕರ್ತೆಗೆ ರಜೆ ಕೊಡಿ, ಪೂರ್ತಿ ಗೌರವಧನ ಸಮೇತ.