ಎಂಟು ನಂಬರಿನ ಅಹಂಕಾರ

ನಾನು ಪಿಯುಸಿ ಓದುವಾಗ ರಾಬರ್ಟ್‌ಸನ್‌ಪೇಟೆಯ ಚಪ್ಪಲಿ ಅಂಗಡಿಯೊಂದರ ಹುಡುಗ ನನ್ನ ಕಾಲನ್ನು ದೂರದಿಂದಲೇ ನೋಡಿ "ಎಂಟು" ಎಂದ. ಅವತ್ತಿನಿಂದ ಮೂವತ್ತು ವರ್ಷ ನಾನು ಎಂಟು. ಗೋತ್ರ, ನಕ್ಷತ್ರ, ರಕ್ತದ ಗುಂಪು ಇದ್ದ ಹಾಗೆ ಕಾಲಿನ ನಂಬರೂ ಒಂದು ಸಲ ಗೊತ್ತಾದರೆ ಚಟ್ಟ ಏರುವವರೆಗೂ ಅದೇ ಎಂದು ನಂಬಿದ್ದೆ. ಕಚ್ಚಿದ ಬೂಟುಗಳನ್ನೆಲ್ಲ ಬೈದೆ, ಮಾರಿದವರನ್ನು ಬೈದೆ. ಎಂಟನ್ನು ಮಾತ್ರ ಒಂದು ದಿನವೂ ಬೈಯಲಿಲ್ಲ.

ನಮ್ಮಪ್ಪ ನಮ್ಮೂರಿನ ಚಾಂಪಿಯನ್ ರೀಫ್ ಚಿನ್ನದ ಗಣಿಯಲ್ಲಿ ವೈಂಡಿಂಗ್ ಎಂಜಿನ್ ಡ್ರೈವರ್ ಆಗಿದ್ದವರು. ನೆಲದೊಳಗೆ ಸುಮಾರು 3.2 ಕಿಲೋಮೀಟರ್ ಇಳಿದಿದ್ದ ಗಣಿ ಅದು. ಗಿಫರ್ಡ್ ಶಾಫ್ಟಿನ ಎಂಜಿನ್ ಮನೆಯಲ್ಲಿ ಕೂತು, ಗಂಟೆಯ ಎಣಿಕೆ ಕೇಳಿ, ಎದುರಿನ ಮುಳ್ಳು ನೋಡಿ, ಕಣ್ಣಿಗೆ ಕಾಣದ ಕೇಜನ್ನು ಸಾವಿರಾರು ಅಡಿ ಕೆಳಗೆ ಸರಿಯಾದ ಲೆವೆಲ್ಲಿಗೆ ತಂದು ನಿಲ್ಲಿಸುವುದು ಅವರ ಕೆಲಸ. ಕೇಜಿನ ತುಂಬ ಜನ. ಒಂದಡಿ ಹೆಚ್ಚುಕಡಿಮೆಯಾದರೆ ಕೆಳಗಿನವರು ಡ್ರೈವರನ ವಂಶಾವಳಿಯನ್ನೆಲ್ಲ ನೆನೆಯುತ್ತಿದ್ದರಂತೆ, ತಮಿಳಿನಲ್ಲಿ ಒಮ್ಮೆ, ತೆಲುಗಿನಲ್ಲಿ ಒಮ್ಮೆ. ಅಂಥವರ ಮಗನಿಗೆ ಹನ್ನೊಂದು ಇಂಚೂ ಇಲ್ಲದ ಸ್ವಂತ ಕಾಲನ್ನು ಅಳೆಯಲು ಬರಲಿಲ್ಲ.

ಅಪ್ಪನ ಡ್ಯೂಟಿ ಬೂಟು ನಮ್ಮ ಮನೆಯಲ್ಲಿ ಒಂದು ಪ್ರತ್ಯೇಕ ಸದಸ್ಯನಂತೆ ಇತ್ತು. 2001ರ ಫೆಬ್ರವರಿ 28ಕ್ಕೆ ಗಣಿ ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿತು. ಬೂಟು ಬಾಗಿಲು ಹಾಕಲಿಲ್ಲ. ಅದನ್ನೇ ಮೆಟ್ಟಿಕೊಂಡು ಅಪ್ಪ ರೇಷನ್ನಿಗೆ ಹೋದರು, ಬಾಕಿ ಹಣಕ್ಕೆ ಅಲೆದರು, ನನ್ನ ಮದುವೆಯ ಚಪ್ಪರಕ್ಕೆ ಗುಂಡಿ ತೋಡಿಸಿದರು. "ಬೂಟು ಅಂದ್ರೆ ಕಮ್ಮಿ ಅಂದ್ರೂ ಮೂರು ಅಟ್ಟೆ ತಿನ್ನಬೇಕು ಕಣೋ," ಎನ್ನುವುದು ಅವರ ಸಿದ್ಧಾಂತ. ನನ್ನ ಬೂಟುಗಳು ಒಂದು ಅಟ್ಟೆಯನ್ನೂ ಪೂರ್ತಿ ಜೀರ್ಣಿಸಿಕೊಂಡವಲ್ಲ.

ಬೆಂಗಳೂರಿನಲ್ಲಿ ನೌಕರಿ, ಚಾಂಪಿಯನ್ ಸ್ಟೇಷನ್ನಿನಿಂದ ಬೆಳಗಿನ ರೈಲು. ಮನೆಯಿಂದ ಸ್ಟೇಷನ್ನಿಗೆ ಜಲ್ಲಿ, ಮುಳ್ಳು, ಗಣಿತ್ಯಾಜ್ಯದ ಸೈನೈಡ್ ದಿಬ್ಬದಿಂದ ಹಾರಿ ಬರುವ ಬೂದುಬಣ್ಣದ ಧೂಳು. ಗಟ್ಟಿ ಬೂಟು ಬೇಕೆನಿಸಿದ್ದು ಹಾಗೆ. ಮೊದಲನೆಯದನ್ನು ಬೆಂಗಳೂರಿನ ದೊಡ್ಡ ಅಂಗಡಿಯೊಂದರಲ್ಲಿ ಕೊಂಡೆ. ಒಳಗೆ "ಜೆನ್ಯೂಯಿನ್ ಲೆದರ್" ಎಂಬ ಮುದ್ರೆ, ಅಟ್ಟೆಯ ಸುತ್ತ ಹಳದಿ ದಾರದ ದಪ್ಪ ಹೊಲಿಗೆ. ಎರಡನೇ ಮಳೆಗೆ ಬಲಗಾಲಿನ ಬೂಟು ಮೊಸಳೆಯ ಹಾಗೆ ಬಾಯಿ ಬಿಟ್ಟಿತು. ಮಳೆಗಾಲದ ಕೆಸರನ್ನು ಹೆಜ್ಜೆ ಹೆಜ್ಜೆಗೂ ನುಂಗುತ್ತ, ಉಗುಳುತ್ತ ನನ್ನನ್ನು ಮನೆ ಸೇರಿಸಿತು.

ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿನ ಬಳಿ ಕೂರುವ ರಿಪೇರಿಯವನ ಮುಂದೆ ಇಟ್ಟೆ. "ಹೊಲಿಗೆ ಬಿಟ್ಟಿದೆ, ಹಾಕಿಕೊಡು." ಆತ ಆರೆಯ ತುದಿಯಿಂದ ಹಳದಿ ದಾರವನ್ನು ಮೀಟಿದ. ದಾರ ಅಲುಗಲಿಲ್ಲ. ಅದು ರಬ್ಬರಿನಲ್ಲೇ ಎರಕ ಹೊಯ್ದದ್ದು.

"ಸಾರ್, ಇದು ಹೊಲಿಗೆ ಇಲ್ಲ ಸಾರ್. ಹೊಲಿಗೇದು ಫೋಟೋ."

ಎರಡನೆಯ ಜೋಡಿಯನ್ನು ಜಾಣತನದಿಂದ ಉಳಿಸಿದೆ. ಶುಭಕಾರ್ಯಗಳಿಗಿರಲಿ ಎಂದು ಬೀರುವಿನಲ್ಲಿ, ಬಟ್ಟೆಯಲ್ಲಿ ಸುತ್ತಿ, ನಾಲ್ಕು ವರ್ಷ. ಬಂಗಾರಪೇಟೆಯ ಛತ್ರದಲ್ಲಿ ಭಾವಮೈದುನನ ಮದುವೆಯ ದಿನ ಹೊರತೆಗೆದೆ. ಹುಡುಗಿಯ ಕಡೆಯವರನ್ನು ಎದುರುಗೊಳ್ಳಲು ಹೋಗುವಷ್ಟರಲ್ಲಿ ಅಟ್ಟೆ ಕೋಡುಬಳೆಯ ಹಾಗೆ ಮುರಿದು, ಛತ್ರದ ಬಾಗಿಲಿನಿಂದ ಮಂಟಪದವರೆಗೂ ಕಪ್ಪು ಪುಡಿಯ ರಂಗೋಲಿ ಬಿಟ್ಟಿದ್ದೆ. ಪಾಲಿಯುರೆಥೇನ್ ಎಂಬ ಆ ಅಟ್ಟೆ ಬಳಸದೆ ಇಟ್ಟರೂ ಗಾಳಿಯ ತೇವ ಹೀರಿ ಒಳಗೊಳಗೇ ಪುಡಿಯಾಗುತ್ತದಂತೆ. ಜಿಪುಣನಿಗೆಂದೇ ಮಾಡಿದ ಶಿಕ್ಷೆ.

ಇಲ್ಲಿಂದ ನಾನು ಬೂಟಿನ ಪಂಡಿತನಾದೆ. ಓದಿ ತಿಳಿದದ್ದನ್ನು ಬೆಳಗಿನ ರೈಲಿನಲ್ಲಿ ಸಹಪ್ರಯಾಣಿಕರಿಗೆ ಉಣಬಡಿಸತೊಡಗಿದೆ. ಪಾಪ, ಓಡುವ ರೈಲಿನಿಂದ ಅವರು ಇಳಿಯುವಂತಿರಲಿಲ್ಲ. "ಜೆನ್ಯೂಯಿನ್ ಲೆದರ್ ಅಂದ್ರೆ ತೊಗಲು ಅಂತ ಅರ್ಥ ಅಷ್ಟೆ, ಒಳ್ಳೇ ತೊಗಲು ಅಂತ ಅಲ್ಲ" ಎಂದು ಊರಗಾಂ ಸ್ಟೇಷನ್ನಿನಲ್ಲಿ ಶುರು ಮಾಡುತ್ತಿದ್ದೆ. ತೊಗಲಿನ ಮೇಲ್ಪದರ, ಉಜ್ಜದೆ ಬಿಟ್ಟ ಫುಲ್ ಗ್ರೇನ್, ಅದೇ ಗಟ್ಟಿ. ಅದನ್ನು ಸೀಳಿ ತೆಗೆದ ಮೇಲೆ ಉಳಿಯುವ ಕೆಳಪದರಕ್ಕೆ ಬಣ್ಣದ ಲೇಪ ಬಳಿದರೆ ಆರು ತಿಂಗಳು ಅದೂ ಹಾಗೇ ಕಾಣುತ್ತದೆ. ಬಂಗಾರಪೇಟೆ ಬರುವಷ್ಟರಲ್ಲಿ ವೆಲ್ಟ್ ಪ್ರಕರಣಕ್ಕೆ ಬಂದಿರುತ್ತಿದ್ದೆ. ರಬ್ಬರನ್ನು ಗಂಧಕ ಹಾಕಿ ಬೇಯಿಸಿ ಗಟ್ಟಿ ಮಾಡಿದ ಚಾರ್ಲ್ಸ್ ಗುಡ್‌ಇಯರನ ಮಗ, ಅವನೂ ಚಾರ್ಲ್ಸ್ ಗುಡ್‌ಇಯರನೇ, 1870ರ ದಶಕದಲ್ಲಿ ಅಮೆರಿಕದಲ್ಲಿ ಹೆಸರು ಮಾಡಿಸಿದ ಯಂತ್ರದ ಹೊಲಿಗೆ ಅದು. ಅಟ್ಟೆಯನ್ನು ಮೇಲಿನ ತೊಗಲಿಗೆ ನೇರವಾಗಿ ಹೊಲಿಯುವುದಿಲ್ಲ, ಅಂಟಿಸುವುದೂ ಇಲ್ಲ. ನಡುವೆ ಒಂದು ತೊಗಲಿನ ಪಟ್ಟಿ. ಮೇಲ್ತೊಗಲೂ ಒಳ ಅಟ್ಟೆಯೂ ಒಂದು ಹೊಲಿಗೆಯಲ್ಲಿ ಪಟ್ಟಿಗೆ, ಪಟ್ಟಿ ಇನ್ನೊಂದು ಹೊಲಿಗೆಯಲ್ಲಿ ಹೊರ ಅಟ್ಟೆಗೆ. ನಡುವಿನ ಪೊಳ್ಳಿಗೆ ಬಿರಡೆ ಮರದ ಪುಡಿ. ಅಟ್ಟೆ ಸವೆದರೆ ಎರಡನೆಯ ಹೊಲಿಗೆ ಬಿಚ್ಚಿ ಹೊಸದು ಹಾಕಬಹುದು, ಮೇಲಿನ ತೊಗಲಿಗೆ ಏನೂ ಆಗುವುದಿಲ್ಲ.

ಇಷ್ಟನ್ನೂ ಮನೆಯಲ್ಲಿ ಚಿತ್ರ ಬರೆದು ಮುಕ್ಕಾಲು ಗಂಟೆ ವಿವರಿಸಿದ ಮೇಲೆ ಹೆಂಡತಿ ಹುರಳಿಕಾಯಿ ಬಿಡಿಸುತ್ತಲೇ, "ಸೀರೆಗೆ ಫಾಲ್ ಹಾಕಿಸಿದ ಹಾಗೆ ಅನ್ನಿ," ಎಂದಳು. ನನಗೆ ಕೋಪ ಬಂತು. ಸರಿಯಾಗಿ ಹೇಳಿದ್ದಳು, ಅದಕ್ಕೇ.

ಮಾಲೂರು ದಾಟಿದ ಮೇಲೆ ಅಳತೆಯ ಅಧ್ಯಾಯ. ನಾವು ಹಾಕುವ ಇಂಗ್ಲಿಷ್ ನಂಬರಿನ ಮೂಲ ಬಾರ್ಲಿ ಕಾಳು: ಮೂರು ಕಾಳಿಗೆ ಒಂದು ಇಂಚು, ಒಂದು ಕಾಳಿಗೆ ಒಂದು ನಂಬರು, ಅಂದರೆ ಎಂಟೂವರೆ ಮಿಲಿಮೀಟರ್. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ನಮ್ಮೂರಿಗೆ ಬಂತು, ಚಿನ್ನ ತೆಗೆಯಿತು, ಹೋಯಿತು. ಚಿನ್ನವೂ ಮುಗಿಯಿತು, ಬಾರ್ಲಿ ಕಾಳು ಮಾತ್ರ ನಮ್ಮ ಕಾಲಿನ ಬುಡದಲ್ಲೇ ಬಿದ್ದಿದೆ ಎಂದು ನಾನು ಗುಡುಗಿದರೆ ಒಬ್ಬಿಬ್ಬರು ತಲೆದೂಗುತ್ತಿದ್ದರು. ನಿದ್ದೆಗೂ ಇರಬಹುದು. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ದೇಶದ ಉದ್ದಗಲ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆದು, ನಮ್ಮ ಪಾದ ಯುರೋಪಿನವರದಕ್ಕಿಂತ ಅಗಲ ಎಂದು ಕಂಡುಕೊಂಡಿತು, "ಭ" ಎಂಬ ಭಾರತದ್ದೇ ಅಳತೆಪಟ್ಟಿಯನ್ನು ಮುಂದಿಟ್ಟಿತು ಎಂದೂ ಹೇಳುತ್ತಿದ್ದೆ. ಲಕ್ಷ ಜನರ ಪಾದದ ವಿಚಾರ ಬಲ್ಲವನಿಗೆ ತನ್ನ ಎರಡರ ವಿಚಾರ ಗೊತ್ತಿರಲಿಲ್ಲ. ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ.

ಅಟ್ಟೆ ಬದಲಿಸಬಹುದಾದ ಬೂಟನ್ನು ಕೈಯಿಂದಲೇ ಮಾಡಿಸಬೇಕೆಂದು ಅಂಬೂರಿಗೆ ಹೊರಟೆ. ನಮ್ಮವರಿಗೆ ಅಂಬೂರು ದೂರವೇನಲ್ಲ. ಬಂಗಾರಪೇಟೆಯಲ್ಲಿ ರೈಲು ಬದಲಿಸಿ ಪೂರ್ವಕ್ಕೆ ಹೋದರೆ ಕುಪ್ಪಂ, ಜೋಲಾರಪೇಟೆ, ವಾಣಿಯಂಬಾಡಿ, ಅಂಬೂರು. ಆ ಸೀಮೆಯೆಲ್ಲ ತೊಗಲಿನದೇ ಕಸುಬು. ವಿದೇಶಕ್ಕೆ ಹೋಗುವ ಬೂಟುಗಳು ತಯಾರಾಗುವುದು ಅಲ್ಲಿ. ಹೊರಡುವ ಮುನ್ನ ಕಾಲು ಅಳೆಯುವ ಶಾಸ್ತ್ರ ಮುಗಿಸಿದೆ. ಬೆಳಗ್ಗೆ ಎದ್ದವನೇ, ಮಂಚದ ಮೇಲೆ ಕೂತು, ಕ್ಯಾಲೆಂಡರಿನ ಹಿಂಬದಿಯ ಮೇಲೆ ಎಡಗಾಲನ್ನು ಹಗುರಾಗಿ ಇಟ್ಟು, ಪೆನ್ಸಿಲಿನಿಂದ ಸುತ್ತ ಗೀಟೆಳೆದೆ. 26.6 ಸೆಂಟಿಮೀಟರ್. ನೋಡಿದಿರಾ, ಎಂಟು! ಬಲಗಾಲನ್ನು ಅಳೆಯಲಿಲ್ಲ. ಅದು ಎಡಗಾಲಿನ ತಮ್ಮ ತಾನೆ ಎಂದುಕೊಂಡೆ. ಅಣ್ಣ ಎಂದು ಗೊತ್ತಿರಲಿಲ್ಲ.

ಅಂಬೂರಿನ ಗಲ್ಲಿಯೊಂದರ ಒಳಗಿದ್ದ ಪುಟ್ಟ ಕಾರ್ಖಾನೆಯ ಯಜಮಾನರು ವಯಸ್ಸಾದವರು. ನನ್ನ ಭಾಷಣವನ್ನು ಪೂರ್ತಿ ಕೇಳಿಸಿಕೊಂಡರು. ಕ್ಯಾಲೆಂಡರನ್ನು ಮಡಚಿ ಪಕ್ಕಕ್ಕಿಟ್ಟು, ಶೂ ಬಿಚ್ಚಿ ಕಾಲು ಇಡಿ ಸಾರ್ ಎಂದು ತಮಿಳಿನಲ್ಲಿ ಹೇಳಿದರು.

ಆಗ ನೆನಪಾಯಿತು, ಎಡ ಸಾಕ್ಸಿನ ಹೆಬ್ಬೆರಳಿನ ಕಡೆ ತೂತಿತ್ತು. ಸಣ್ಣದಲ್ಲ. ಹೆಬ್ಬೆರಳು ಕುತ್ತಿಗೆಯವರೆಗೂ ಹೊರಗೆ ಬಂದು ಲೋಕ ನೋಡುವಂಥದ್ದು. ಗುಡ್‌ಇಯರ್, ಫುಲ್ ಗ್ರೇನ್, ಲಕ್ಷ ಪಾದಗಳ ಬಗ್ಗೆ ಅಷ್ಟೆಲ್ಲ ಮಾತಾಡಿ ಈಗ ಆ ಬೆರಳನ್ನು ತೋರಿಸುವುದೇ? ಚಾಂಪಿಯನ್ ರೀಫ್ಸಿನಲ್ಲಿ ಹುಟ್ಟಿದವನಿಗೆ ತಮಿಳು ಬಾರದೆಂದು ನಟಿಸುವುದು ಕಷ್ಟ, ಆದರೂ ನಟಿಸಿದೆ. ಅವರು ಕೈಸನ್ನೆ ಮಾಡಿದರು. ಕೈಸನ್ನೆಯೂ ಬಾರದೆಂದು ನಟಿಸಿದೆ. ಕೊನೆಗೆ ಕ್ಯಾಲೆಂಡರನ್ನು ಅವರ ಕೈಗೆ ತುರುಕಿ, "ಎಂಟು. ಮೂವತ್ತು ವರ್ಷದಿಂದ ಎಂಟು," ಎಂದು ಮುಂಗಡ ಕೊಟ್ಟು, ಬಿರಿಯಾನಿ ತಿಂದು ರೈಲು ಹತ್ತಿದೆ. ಬಿರಿಯಾನಿ ಚೆನ್ನಾಗಿತ್ತು. ಆ ದಿನ ನಾನು ಸರಿಯಾಗಿ ಮಾಡಿದ ಕೆಲಸ ಅದೊಂದೇ.

ಆರು ವಾರಕ್ಕೆ ಬೂಟು ಬಂತು. ಏನು ಹೇಳಲಿ! ಜೇನಿನ ಬಣ್ಣ, ನಿಜವಾದ ದಾರದ ಹೊಲಿಗೆ, ಕೈಯಲ್ಲಿ ಹಿಡಿದರೆ ಇಟ್ಟಿಗೆಯ ತೂಕ. ಬೆಲೆ ತಿಂಗಳ ಸಂಬಳದ ಮೂರನೇ ಒಂದು ಭಾಗ. ಮನೆಯಲ್ಲಿ ಹತ್ತನೇ ಒಂದು ಎಂದು ಹೇಳಿದ್ದೇನೆ, ದಯವಿಟ್ಟು ಈ ಪತ್ರಿಕೆಯನ್ನು ನಮ್ಮ ಮನೆಗೆ ಕಳಿಸಬೇಡಿ. ಕಾಲು ತೂರಿಸಿದೆ. ಬೆರಳುಗಳು ಭಾನುವಾರದ ಜನರಲ್ ಬೋಗಿಯಲ್ಲಿ ಬಾಗಿಲ ಬಳಿ ನಿಂತವರ ಹಾಗೆ ಒಬ್ಬರ ಮೇಲೊಬ್ಬರು ಏರಿದವು. "ತೊಗಲು ಬಿಟ್ಟುಕೊಡುತ್ತೆ," ಎಂದೆ. ಬಿಟ್ಟುಕೊಡುತ್ತದೆ, ಅಗಲಕ್ಕೆ ಅಷ್ಟಿಷ್ಟು. ಉದ್ದಕ್ಕೆ ಬಿಟ್ಟುಕೊಟ್ಟ ಬೂಟು ಇನ್ನೂ ಹುಟ್ಟಿಲ್ಲ.

ಸೋಮವಾರ ಅದನ್ನೇ ಮೆಟ್ಟಿ ರೈಲು ಹತ್ತಿದೆ. ಸಹಪ್ರಯಾಣಿಕರು ಬಗ್ಗಿ ನೋಡಿದರು, ಒಬ್ಬರು ಮುಟ್ಟಿಯೂ ನೋಡಿದರು. ನಾನು ನಕ್ಕೆ, ಹಲ್ಲು ಕಚ್ಚಿಕೊಂಡಿದ್ದರಿಂದ ಅದು ನಗುವಿನಂತೆ ಕಂಡಿರಬೇಕು. ಟೇಕಲ್ಲಿನಲ್ಲಿ ಲೇಸು ಸಡಿಲಿಸಿದೆ. ಮಾಲೂರಿನಲ್ಲಿ ಬಿಚ್ಚಿ ಸೀಟಿನ ಕೆಳಗೆ ತಳ್ಳಿದೆ. ಆಹಾ, ಬಿಡುಗಡೆ! ಅಲ್ಲಿಂದ ಕಾಲು ಜೋತು ಬಿಟ್ಟು ಕೂತವನು ಕೃಷ್ಣರಾಜಪುರ ದಾಟಿದ ಮೇಲೆ ಮತ್ತೆ ಹಾಕಿಕೊಳ್ಳಲು ಹೋದರೆ ಬೂಟಿಗೂ ನನಗೂ ಸಂಬಂಧವೇ ಇಲ್ಲ. ಕಾಲು ಹೊಂಬಿಸಿಲಲ್ಲಿಟ್ಟ ಹಿಟ್ಟಿನಂತೆ ಉಬ್ಬಿತ್ತು. ಎಳೆದೆ, ತಳ್ಳಿದೆ, ಪೌಡರಿನ ಬದಲು ಎದುರಿನವರ ಇಡ್ಲಿ ಪೊಟ್ಟಣದ ಬಾಳೆಲೆಯ ತುಂಡನ್ನು ಹಿಮ್ಮಡಿಗೆ ಕೊಟ್ಟು ಜಾರಿಸಿ ನೋಡಿದೆ. ಆಗಲಿಲ್ಲ. ಬೆಂಗಳೂರು ಬಂತು. ಬೂಟುಗಳನ್ನು ಲೇಸಿನಿಂದ ಗಂಟು ಹಾಕಿ ಹೆಗಲಿಗೆ ನೇತುಹಾಕಿಕೊಂಡು, ಸಾಕ್ಸಿನಲ್ಲೇ ಪ್ಲಾಟ್‌ಫಾರ್ಮ್ ದಾಟಿ, ಆಟೊ ಹಿಡಿದು, ಆಫೀಸಿನ ಮೆಟ್ಟಿಲು ಹತ್ತಿದೆ. ಸೆಕ್ಯುರಿಟಿಯವನು ನನ್ನ ಗುರುತಿನ ಚೀಟಿ ನೋಡಲಿಲ್ಲ. ಕೆಳಗೆ ನೋಡುತ್ತಿದ್ದ. ಅದೇ ಸಾಕ್ಸು. ಹೆಬ್ಬೆರಳು ಅವನಿಗೆ ನಮಸ್ಕಾರ ಹೇಳಿತು.

ಸಂಜೆ ಮನೆಗೆ ಬಂದಾಗ ಅಪ್ಪ ಜಗಲಿಯ ಮೇಲೆ ಕೂತಿದ್ದರು. ಹೆಗಲ ಮೇಲಿನ ಬೂಟು ನೋಡಿದರು, ಕಾಲು ನೋಡಿದರು.

"ಎಲ್ಲಿ ಅಳತೆ ತಗೊಂಡೆ?"

"ಮನೇಲೇ ಅಪ್ಪ. ಮಂಚದ ಮೇಲೆ ಕೂತು."

"ಕೂತು?" ಅವರು ಎದ್ದರು. "ಲೋ, ಖಾಲಿ ಕೇಜು ನೇತಾಡುವಾಗಿನ ಹಗ್ಗದ ಉದ್ದ ಒಂದು, ಜನ ತುಂಬಿದ ಮೇಲಿನ ಉದ್ದ ಒಂದು. ಭಾರ ಬಿದ್ದರೆ ಉಕ್ಕಿನ ಹಗ್ಗಾನೇ ಎಳೀತದೆ. ಅದನ್ನ ಲೆಕ್ಕಕ್ಕೆ ತಗೊಳ್ಳದೆ ಗಾಡಿ ನಿಲ್ಲಿಸೋನು ಡ್ರೈವರೇ ಅಲ್ಲ. ಮಾಂಸದ ಕಾಲು ಎಳೆಯಲ್ವೇನೋ?"

ನಡುಮನೆಯ ಕೆಂಪು ನೆಲದ ಮೇಲೆ ನನ್ನನ್ನು ನಿಲ್ಲಿಸಿದರು. ಹಿಮ್ಮಡಿ ಗೋಡೆಗೆ, ಮೈಭಾರವೆಲ್ಲ ಅಳೆಯುವ ಕಾಲಿನ ಮೇಲೆ, ಸಾಕ್ಸು ಸಮೇತ. ಬೆರಳ ತುದಿಗೆ ನಮ್ಮ ಪಂಚಾಂಗವನ್ನು ನೆಟ್ಟಗೆ ಒತ್ತಿ ಹಿಡಿದು, ನೆಲಕ್ಕೆ ಸೀಮೆಸುಣ್ಣದ ಗೆರೆ ಹಾಕಿ, ಟೇಪು ಎಳೆದರು. ಎಡಗಾಲು 27.2. ಬಲಗಾಲು 27.6. ಇಡೀ ದಿನ ನಡೆದಾಡಿದ ಸಂಜೆಯ ಕಾಲು ಬೆಳಗಿನದಕ್ಕಿಂತ ದೊಡ್ಡದು, ನಿಂತ ಕಾಲು ಕೂತ ಕಾಲಿಗಿಂತ ದೊಡ್ಡದು, ವಯಸ್ಸಾದ ಹಾಗೆ ಪಾದದ ಕಟ್ಟು ಸಡಿಲಿ ಇನ್ನೂ ಚೂರು ಉದ್ದವಾಗುತ್ತದೆ. ಬಲಗಾಲಿನ ಲೆಕ್ಕದಲ್ಲಿ ನಾನು ಒಂದು ಬಾರ್ಲಿ ಕಾಳಿಗಿಂತ ಹೆಚ್ಚೇ ತಪ್ಪಿದ್ದೆ. ಗಿಫರ್ಡ್ ಶಾಫ್ಟಿನಲ್ಲಾಗಿದ್ದರೆ ವಂಶಾವಳಿ ಶುರುವಾಗುತ್ತಿತ್ತು.

"ಮಾವ, ಅದನ್ನ ನೀವೇ ಒಂದು ಸಲ ಹಾಕಿ ನೋಡಿ," ಎಂದಳು ಹೆಂಡತಿ ಅಡುಗೆಮನೆಯಿಂದ.

ಅಪ್ಪನ ಚಪ್ಪಲಿ ಮಗನಿಗೆ ಆಗುವ ಹೊತ್ತಿಗೆ ಮಗ ಗೆಳೆಯನಾಗಬೇಕು ಎನ್ನುತ್ತಾರೆ. ಮಗನ ಬೂಟು ಅಪ್ಪನಿಗಾದರೆ ಏನಾಗಬೇಕೆಂದು ಹಿರಿಯರು ಹೇಳಿಲ್ಲ. ಅಪ್ಪ ಲೇಸು ಕಟ್ಟಿ, ಎದ್ದು ನಿಂತು, ಬೆರಳಿನ ಮುಂದೆ ಹೆಬ್ಬೆರಳಗಲ ಜಾಗ ಇದೆಯೇ ಎಂದು ಒತ್ತಿ ನೋಡಿದರು. ಹಿಮ್ಮಡಿ ಜಾರುವುದಿಲ್ಲವೆಂದು ನಾಲ್ಕು ಹೆಜ್ಜೆ ಹಾಕಿ ಖಾತ್ರಿ ಮಾಡಿಕೊಂಡರು. ಆಮೇಲೆ ಹಾಲು ತರುತ್ತೇನೆಂದು ಹೊರಟವರು ಬಂದದ್ದು ರಾತ್ರಿ ಎಂಟೂವರೆಗೆ.

ಇದು ಎರಡು ವರ್ಷದ ಹಿಂದಿನ ಮಾತು. ಹೋದ ತಿಂಗಳು ಆ ಬೂಟು ತನ್ನ ಮೊದಲ ಅಟ್ಟೆ ತಿಂದು ಮುಗಿಸಿತು. ಮಾರ್ಕೆಟ್ಟಿನ ರಿಪೇರಿಯವನು ಹೊಲಿಗೆ ಬಿಚ್ಚಿ, ಹೊಸ ಅಟ್ಟೆ ಹಾಕಿ, "ಇದು ಹೊಲಿಗೆ ಸಾರ್," ಎಂದು ನನ್ನ ಕಡೆ ನೋಡಿ ಹೇಳಿದ. ನಾನು ರಬ್ಬರ್ ಚಪ್ಪಲಿಯಲ್ಲಿದ್ದೆ.

ನೀವೇನಾದರೂ ಬೂಟು ಮಾಡಿಸುವವರಿದ್ದರೆ ನಮ್ಮ ಮನೆಗೆ ಬನ್ನಿ. ಸಂಜೆ ಐದರ ಮೇಲೆ ಬನ್ನಿ, ಸ್ಟೇಷನ್ನಿನಿಂದ ನಡೆದೇ ಬನ್ನಿ. ಅಪ್ಪ ಎರಡೂ ಕಾಲು ಅಳೆದು ಚೀಟಿ ಬರೆದುಕೊಡುತ್ತಾರೆ, ದುಡ್ಡು ತೆಗೆದುಕೊಳ್ಳುವುದಿಲ್ಲ. ಸಾಕ್ಸು ಮಾತ್ರ ನೋಡಿಕೊಂಡು ಹಾಕಿಕೊಳ್ಳಿ.