ದಕ್ಷಿಣದಲ್ಲಿ ಮಲಗಿ ಉತ್ತರದಲ್ಲಿ ಎದ್ದ ಜಿಲ್ಲೆ: ಒಂದು ದಿಕ್‌ಶಾಸ್ತ್ರೀಯ ಜಿಜ್ಞಾಸೆ

ಅಚರ ವಸ್ತುಗಳು ಇದ್ದಲ್ಲೇ ಇರುತ್ತವೆಂಬುದು ಸರ್ವಸಮ್ಮತ ಸಿದ್ಧಾಂತ. ನವಲಗುಂದದ ಗುಡ್ಡ ನಡೆದಾಡಿದ್ದನ್ನು ಯಾರೂ ಕಂಡಿಲ್ಲ. ಅಣ್ಣಿಗೇರಿಯ ಅಮೃತೇಶ್ವರ ಗುಡಿ ಚಾಲುಕ್ಯರ ಕಾಲದಲ್ಲಿ ಕಟ್ಟಿದ ಜಾಗದಲ್ಲೇ ಇದೆ. ಆದರೂ ಈ ಸಿದ್ಧಾಂತಕ್ಕೆ ಒಂದು ಘನವಾದ ಅಪವಾದ ಉಂಟು. 1956ರ ಅಕ್ಟೋಬರ್ 31ರ ರಾತ್ರಿ ಮುಂಬೈ ರಾಜ್ಯದ ದಕ್ಷಿಣ ಸೆರಗಿನಲ್ಲಿ ರೊಟ್ಟಿ ಉಂಡು ಮಲಗಿದ ಧಾರವಾಡ ಜಿಲ್ಲೆ ಮರುದಿನ ಬೆಳಿಗ್ಗೆ ಮೈಸೂರು ರಾಜ್ಯದ ಉತ್ತರದಲ್ಲಿ ಎದ್ದಿತು. ಎತ್ತು ಗ್ವಾದಲಿ ಬಿಟ್ಟು ಕದಲಿರಲಿಲ್ಲ, ಹಗೇವಿನ ಜೋಳ ಅಲುಗಿರಲಿಲ್ಲ. ಜಿಲ್ಲೆ ಮಾತ್ರ ದಿಕ್ಕು ಬದಲಿಸಿತ್ತು. ಹೇಗೆ ಎಂಬುದೇ ಪ್ರಸ್ತುತ ಪ್ರಬಂಧದ ವಿಷಯ.

ಮೊದಲು ಪೂರ್ವಪಕ್ಷ. ಅದು ದಕ್ಷಿಣದಲ್ಲಿತ್ತು ಎನ್ನಲು ಪ್ರಮಾಣವೇನು? ಬ್ರಿಟಿಷರ ಕಾಗದಪತ್ರಗಳಲ್ಲಿ ಈ ಸೀಮೆಯ ಹೆಸರು ‘ದಕ್ಷಿಣ ಮರಾಠಾ ಸೀಮೆ’. (ಅಚ್ಚಗನ್ನಡದಲ್ಲಿ ಬೈದಾಡುವ ಜನರ ನಾಡಿಗೆ ‘ಮರಾಠಾ’ ಎಂಬ ವಿಶೇಷಣ ಹೇಗೆ ಅಂಟಿತೆಂಬುದನ್ನು ಇಲ್ಲಿ ಕೆದಕುವುದಿಲ್ಲ, ಅದಕ್ಕೆ ಬೇರೆ ಪ್ರಬಂಧ, ಮತ್ತು ಪೊಲೀಸ್ ಬಂದೋಬಸ್ತು ಬೇಕು.) 1882ರಲ್ಲಿ ಹುಟ್ಟಿದ ರೈಲ್ವೆ ಕಂಪನಿ ‘ಸದರ್ನ್ ಮರಾಠಾ’ ಎಂದು ಹೆಸರಿಟ್ಟುಕೊಂಡು ಧಾರವಾಡದಲ್ಲೇ ಮುಖ್ಯ ಕಚೇರಿ ತೆರೆಯಿತು. ಇದು ಸಾಲದೆಂಬವರಿಗೆ ಆಪ್ತವಾಕ್ಯವೇ ಇದೆ. ಪಂಪನ ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂದು ಕವಿಯ ತಮ್ಮ ಜಿನವಲ್ಲಭ ಶಾಸನದಲ್ಲಿ ಕೆತ್ತಿಸಿದ್ದಾನೆ. ಆ ಪಂಪ ವೇಮುಲವಾಡದ ಅರಿಕೇಸರಿಯ ಆಸ್ಥಾನದಲ್ಲಿ ಕೂತು, 941ರ ಸುಮಾರಿಗೆ ಬನವಾಸಿಯನ್ನು ನೆನೆದು ಹಂಬಲಿಸಿದಾಗ ಅವನ ಪಾಲಿಗೆ ಇದೆಲ್ಲ ತೆಂಕನಾಡು. ಅವನು ಈಗ ಇದ್ದಿದ್ದರೆ ಬೆಂಗಳೂರಿನ ಸಾಹಿತ್ಯ ಗೋಷ್ಠಿಯಲ್ಲಿ ‘ಉತ್ತರ ಕರ್ನಾಟಕದ ಪ್ರತಿಭೆ’ ಎಂದು ಕರೆಸಿಕೊಂಡು, ಪ್ರಾದೇಶಿಕ ಪ್ರಾತಿನಿಧ್ಯದ ಲೆಕ್ಕದಲ್ಲಿ ಊಟಕ್ಕೆ ಮುಂಚಿನ ಹತ್ತು ನಿಮಿಷ ಪಡೆಯುತ್ತಿದ್ದ.

ಇನ್ನು ಕಾರಣಮೀಮಾಂಸೆ. ಮಣ್ಣೇ ಸರಿದಿರಬೇಕೆಂಬುದು ಒಂದು ಊಹೆ. ನವಲಗುಂದ, ಅಣ್ಣಿಗೇರಿಯ ಎರಿ ಭೂಮಿ ಮಳೆಗೆ ಉಬ್ಬುತ್ತದೆ, ಬ್ಯಾಸಗಿಗೆ ಕುಗ್ಗಿ ಬಿರುಕು ಬಿಡುತ್ತದೆ. ಕೈಜಾರಿದ ಕುಡಗೋಲನ್ನು ನುಂಗಬಲ್ಲ ಬಿರುಕುಗಳವು. ಇಂಥ ಚಂಚಲ ನೆಲ ಒಂದು ರಾತ್ರಿ ಇಡಿಯಾಗಿ ಜರುಗಿದ್ದರೆ ಆಶ್ಚರ್ಯವೇನು? ಆದರೆ ಈ ವಾದಕ್ಕೆ ಕಲಘಟಗಿ ಅಡ್ಡ ಬರುತ್ತದೆ. ಅಲ್ಲಿಯದು ಮಸಾರಿ ನೆಲ, ಭತ್ತದ ಗದ್ದೆ, ತೊಟ್ಟಿಲಿಗೆ ಬಣ್ಣ ಹಚ್ಚುವ ಸಾವಧಾನದ ಊರು. ಅದೂ ಅದೇ ರಾತ್ರಿ ಉತ್ತರಕ್ಕೆ ಸೇರಿತು. ಆದ್ದರಿಂದ ಮಣ್ಣು ನಿರ್ದೋಷಿ.

ಎರಡನೆಯ ಊಹೆ ಹೆಚ್ಚು ಗಂಭೀರವಾದುದು: ನೆಲಕ್ಕಿಂತ ಮೊದಲು ಗಂಟಲು ಉತ್ತರಕ್ಕೆ ಹೋಗಿರಬೇಕು. ಕುಂದಗೋಳದ ಸವಾಯಿ ಗಂಧರ್ವರು, ಅಂದರೆ ರಾಮಭಾವು ಕುಂದಗೋಳಕರ, ತೀರಿಕೊಂಡದ್ದು 1952ರಲ್ಲಿ. ದಿಕ್ಪಲ್ಲಟಕ್ಕೆ ಇನ್ನೂ ನಾಲ್ಕು ವರ್ಷ ಬಾಕಿ ಇತ್ತು. ಆದರೆ ಅವರು ಹಾಡುತ್ತಿದ್ದುದು ಕಿರಾಣಾ ಘರಾಣೆಯ ಉತ್ತರಾದಿ ಸಂಗೀತ. ಆ ಘರಾಣೆಯ ಮೂಲ ಊರು ಕೈರಾನಾ ಇರುವುದು ಉತ್ತರ ಪ್ರದೇಶದಲ್ಲಿ. ಭೀಮಸೇನ ಜೋಶಿ ಈ ಗುರುವಿನ ಮನೆಯಲ್ಲಿ ನೀರು ಹೊತ್ತು ಕಲಿತರು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಪಾಠಕ್ಕೆ ಬರುತ್ತಿದ್ದರು. ಇಲ್ಲಿ ಪಂಡಿತರು ಗಮನಿಸಬೇಕಾದ ಸೂಕ್ಷ್ಮವಿದೆ: ಕುಂದಗೋಳ ಇರುವುದು ಹುಬ್ಬಳ್ಳಿಯ ಆಗ್ನೇಯಕ್ಕೆ. ಎಂದರೆ ಉತ್ತರದ ಸಂಗೀತ ಕಲಿಯಲು ಆ ತಾಯಿ ಸದರ್ನ್ ಹೆಸರಿನ ರೈಲು ಹತ್ತಿ ದಕ್ಷಿಣದ ಕಡೆಗೆ ಪ್ರಯಾಣ ಮಾಡುತ್ತಿದ್ದರು, ದೂರದ ಉತ್ತರದ ಜಮಖಂಡಿ ಸಂಸ್ಥಾನದ ಆಳಿಕೆಯಲ್ಲಿದ್ದ ಊರಿಗೆ. ಈ ಒಂದು ಪ್ರಯಾಣದಲ್ಲಿ ದಿಕ್ಸೂಚಿ ಇಟ್ಟುಕೊಂಡಿದ್ದರೆ ಅದರ ಮುಳ್ಳು ಸಂನ್ಯಾಸ ತೆಗೆದುಕೊಳ್ಳುತ್ತಿತ್ತು.

ಸರಕಾರಕ್ಕೂ ಈ ಗೊಂದಲ ತಟ್ಟದೆ ಇಲ್ಲ. ಹುಬ್ಬಳ್ಳಿಯಲ್ಲಿ 1997ರಿಂದ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿ ಇದೆ. 2003ರಿಂದ ಅದೇ ಊರಿನಲ್ಲಿ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ. ರಾಜ್ಯವನ್ನು ನೋಡಿ ಒಬ್ಬರು ವಾಯವ್ಯ ಎಂದರು, ದೇಶವನ್ನು ನೋಡಿ ಇನ್ನೊಬ್ಬರು ನೈಋತ್ಯ ಎಂದರು. ರೈಲು ಇಳಿದು ನವಲಗುಂದದ ಬಸ್ಸು ಹತ್ತುವ ಪ್ರಯಾಣಿಕ ಒಂದು ಆಟೋ ಖರ್ಚಿನಲ್ಲಿ ಭೂಮಿಯ ಒಂದು ಮೂಲೆಯಿಂದ ಇನ್ನೊಂದಕ್ಕೆ ಹೋಗುತ್ತಾನೆ. ವಾಸ್ತುಶಾಸ್ತ್ರ ಮಾತ್ರ ಸಂತುಷ್ಟವಾಗಿದೆ. ನೈಋತ್ಯದಲ್ಲಿ ಭಾರ ಇರಬೇಕು, ಅಲ್ಲಿ ರೈಲಿದೆ. ವಾಯವ್ಯ ವಾಯುವಿನ ಸ್ಥಾನ; ಬಸ್ಸು ನಿಲ್ಲುವ ಮೊದಲೇ ಕಿಟಕಿ ಸೀಟಿನ ಮೇಲೆ ಟವಲು ಬೀಳುವುದೇ ಅದಕ್ಕೆ ಸಾಕ್ಷಿ. ನವಲಗುಂದಕ್ಕೆ ರೈಲಿಲ್ಲವಾದ್ದರಿಂದ ಅದು ಶುದ್ಧ ವಾಯವ್ಯ. ಅಣ್ಣಿಗೇರಿ, ಕುಂದಗೋಳಗಳು ಎರಡೂ ಇರುವ ಮಿಶ್ರತಳಿ.

ನೀರಿನ ಸಾಕ್ಷ್ಯವನ್ನು ಬೇಗ ಮುಗಿಸೋಣ. ಕಲಘಟಗಿಯ ಬೇಡ್ತಿ ಅರಬ್ಬಿ ಸಮುದ್ರಕ್ಕೆ, ಕುಂದಗೋಳ–ನವಲಗುಂದದ ಬೆಣ್ಣಿಹಳ್ಳ ಮಲಪ್ರಭೆ, ಕೃಷ್ಣೆಯರ ಮೂಲಕ ಬಂಗಾಳ ಕೊಲ್ಲಿಗೆ. ಜಿಲ್ಲೆಯ ಹನಿಗಳೂ ಒಮ್ಮತಕ್ಕೆ ಬಂದಿಲ್ಲ. ಬೆಳಗಾವಿಯಲ್ಲಿ ಉತ್ತರ ಕರ್ನಾಟಕದ ಸಮಸ್ಯೆ ಚರ್ಚಿಸಲೆಂದು ನಡೆಯುವ ಚಳಿಗಾಲದ ಅಧಿವೇಶನವೂ ಪಂಚಾಂಗದ ದೃಷ್ಟಿಯಿಂದ ಶಂಕಾಸ್ಪದ: ಅದು ಬೀಳುವುದು ದಕ್ಷಿಣಾಯನದಲ್ಲಿ. ಉತ್ತರಾಯಣ ಬರುವಷ್ಟರಲ್ಲಿ ಶಾಸಕರು ದಕ್ಷಿಣಕ್ಕೆ ಮರಳಿರುತ್ತಾರೆ.

ಇಷ್ಟೆಲ್ಲ ಕಲೆಹಾಕಿದ ಮೇಲೂ ಪ್ರತ್ಯಕ್ಷ ಪ್ರಮಾಣ ಬೇಕಿತ್ತು. ಬೆಂಗಳೂರಿನ ಖಾನಾವಳಿಗಳ ಬೋರ್ಡಿನ ಮೇಲೆ ‘ಉತ್ತರ ಕರ್ನಾಟಕ ಶೈಲಿಯ ಊಟ’ ಎಂದಿರುತ್ತದೆ. ಅದೇ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳ ಹಿಂಡಿ ನವಲಗುಂದದಲ್ಲಿ ಬರೀ ಊಟ. ಮಲೆನಾಡಿನ ಕತೆಯೂ ಇದೇ. ನವಲಗುಂದದವರಿಗೆ ಕಲಘಟಗಿಯೆಂದರೆ ಮಲೆನಾಡು. ಶಿರಸಿಯವರಿಗೆ ಅದೇ ಕಲಘಟಗಿ ಬಯಲುಸೀಮೆ. ಕಲಘಟಗಿಯಿಂದ ನೈಋತ್ಯಕ್ಕೆ ಹೊರಟರೆ ಸಿಗುವ ಯಲ್ಲಾಪುರವಂತೂ, ದೇವರಾಣೆ, ಉತ್ತರ ಕನ್ನಡ ಜಿಲ್ಲೆಯಲ್ಲಿದೆ.

ಕೊನೆಗೆ ಕ್ಷೇತ್ರಕಾರ್ಯಕ್ಕೆಂದು ನವಲಗುಂದದ ಕಡೆಯ ಹಳ್ಳಿಯೊಂದರ ಗುಡಿ ಕಟ್ಟೆಗೆ ಹೋದೆ. ಪ್ರಶ್ನಾವಳಿ ತೆಗೆದು, “ಅಜ್ಜಾರ, ನೀವು ಉತ್ತರದವರೋ ದಕ್ಷಿಣದವರೋ?” ಎಂದೆ.

“ನಾವು ಅಗಸಿ ಕಡ್ಯಾವ್ರರಿ,” ಎಂದರು ಹಿರಿಯರು.

ಜಿಲ್ಲೆ 1956ರಲ್ಲಿ ಸರಿದ ಸಂಗತಿಯನ್ನು ಸಾದ್ಯಂತ ವಿವರಿಸಿದೆ. ಅವರು ಎಲೆ ಅಡಿಕೆ ಹಾಕಿಕೊಂಡು ಪೂರ್ತಿ ಕೇಳಿಸಿಕೊಂಡರು.

“ಜಿಲ್ಲಾ ಸರಿದದ್ದು ನಮಗ ಗೊತ್ತಾಗ್ಲಿಲ್ಲ ಬಿಡ್ರಿ. ನಮ್ಮ ಹೊಲದ ಬದು ಸರದೈತಿ. ಬಾಜೂ ಹೊಲದಾವ ವರ್ಷಾ ವರ್ಷಾ ಒಂದೀಟೀಟು ಸರಸಾಕತ್ಯಾನ.”

“ಯಾವ ದಿಕ್ಕಿಗೆ?” ಎಂದೆ, ಪೆನ್ನು ಹಿಡಿದು.

“ನನ್ನ ಕಡೀಗೆ,” ಎಂದು ಅವರು ಎದ್ದು ನಿಂತರು. “ಹೆಂಗೂ ಕಲ್ತಾವ್ರು ಬಂದೀರಿ. ನಡೀರಿ, ಅಳದ ಕೊಡ್ರಿ. ನಿಮ್ಮ ಉತ್ತರ ದಕ್ಷಿಣ ಎಲ್ಲೀಗೂ ಓಡಿ ಹೋಗೂದಿಲ್ಲ.”